ಹಳದಿ ಅಣಬೆಯ ಅಕ್ಕತಂಗಿಯರು

ಅಂಗಡಿಯಲ್ಲಿ ಅಣಬೆಯ ಡಬ್ಬಿ ಕಂಡರೆ ಎತ್ತಿ ಮೂಸಿ ನೋಡುವ ಚಟ ನನಗಿದೆ. ಪ್ಲಾಸ್ಟಿಕ್ ಹೊದಿಸಿದ ಡಬ್ಬಿಯಿಂದ ಪ್ಲಾಸ್ಟಿಕ್ಕಿನ ವಾಸನೆಯಲ್ಲದೆ ಬೇರೇನೂ ಬರುವುದಿಲ್ಲ. ಅದು ಗೊತ್ತಿದ್ದೂ ಮೂಸುತ್ತೇನೆ. ಆಗ ನನ್ನ ಮಗಳು ಮೆಲ್ಲಗೆ ದೂರ ಸರಿದು, ಈ ಹೆಂಗಸು ಯಾರೋ ಏನೋ ಎಂಬಂತೆ ಟೊಮೆಟೊ ಆರಿಸತೊಡಗುತ್ತಾಳೆ. ಕಾರಿಗೆ ಬಂದ ಮೇಲೆ, "ಅಮ್ಮಾ, ಇಟ್ಸ್ ಸೋ ಎಂಬರಾಸಿಂಗ್" ಎನ್ನುತ್ತಾಳೆ. ಯಾಕೆ ಮೂಸುತ್ತೀಯ ಎಂದು ಮಾತ್ರ ಇದುವರೆಗೆ ಕೇಳಿಲ್ಲ. ಕೇಳಿದ್ದರೆ ಉತ್ತರ ಉದ್ದವಾಗುತ್ತಿತ್ತು, ಅವಳ ಕನ್ನಡ ಅಷ್ಟು ದೂರ ಬರುತ್ತಿರಲಿಲ್ಲ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ಮೊದಲೇ ಒಂದು ಮಾತು: ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಕಾಲೇಜಿನ ದಿನಗಳಿಂದ ಡೈರಿ ಬರೆಯುವ ಅಭ್ಯಾಸವಿದೆ. ಆದರೆ ಯಾವಾಗ ತೆಗೆದು ನೋಡಿದರೂ ಅದಕ್ಕೂ ನೆನಪಿಗೂ ಜಗಳ. ನನಗೆ ಬಿಸಿಲೆಂದು ನೆನಪಿರುವ ದಿನ ಡೈರಿಯಲ್ಲಿ ಮಳೆ. ಹಾಗೆಂದು ಡೈರಿ ನಿಜವೇ ಎಂದರೆ, ಅದನ್ನು ಬರೆದವಳೂ ನಾನೇ ತಾನೇ.

ಈಗ ಮೂಸುವ ವಿಷಯವನ್ನೇ ತೆಗೆದುಕೊಳ್ಳಿ. ಮೈಸೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ ಪಕ್ಕದ ಮನೆಯ ಲಕ್ಷ್ಮಮ್ಮನವರು ಮೊದಲ ಮಳೆ ಬಿದ್ದ ವಾರ ಅಣಬೆ ಸಾರು ಮಾಡುತ್ತಿದ್ದರು. ಅವರ ತಮ್ಮ ನಂಜನಗೂಡಿನ ಕಡೆಯಿಂದ ಮುತ್ತುಗದ ಎಲೆಯಲ್ಲಿ ಕಟ್ಟಿ ತರುತ್ತಿದ್ದ. ಹುರಿದ ಕೊಬ್ಬರಿ, ಬೆಳ್ಳುಳ್ಳಿ, ಜೊತೆಗೆ ಮಳೆಯಲ್ಲಿ ನೆನೆದ ಮಣ್ಣಿನಂಥ ಇನ್ನೊಂದು ವಾಸನೆ ಕಾಂಪೌಂಡ್ ದಾಟಿ ಬರುತ್ತಿತ್ತು. ನನ್ನಮ್ಮ ಅಡುಗೆಮನೆಯ ಕಿಟಕಿ ಹಾಕಿ, "ನಾಯಿಕೊಡೆ ಅದು. ಎಲ್ಲಿ ಏಳತ್ತೆ ಅಂತ ನಿಂಗೊತ್ತಾ?" ಎಂದು ಮುಖ ಸಿಂಡರಿಸುತ್ತಿದ್ದಳು. ನಾನು ಹಿತ್ತಿಲ ಗೋಡೆಗೆ ಮೂಗು ಹಚ್ಚಿ ನಿಂತಿರುತ್ತಿದ್ದೆ. ಇಷ್ಟು ಸ್ಪಷ್ಟವಾಗಿ ನೆನಪಿರುವ ಇದನ್ನು ಒಮ್ಮೆ ನನ್ನ ಅಣ್ಣನಿಗೆ ಹೇಳಿದರೆ ಅವನು ನಕ್ಕುಬಿಟ್ಟ. ಲಕ್ಷ್ಮಮ್ಮನವರ ಮನೆ ನಮ್ಮ ಪಕ್ಕದಲ್ಲಿ ಇರಲೇ ಇಲ್ಲವಂತೆ, ಹಿಂದಿನ ಸಾಲಿನ ಕೊನೆಯಲ್ಲಿತ್ತಂತೆ. ಹಾಗಾದರೆ ಆ ವಾಸನೆ ಎಲ್ಲಿಂದ ಬಂತು? ಬಂದದ್ದಂತೂ ನಿಜ. ಗೋಡೆಯ ಸುಣ್ಣ ಮೂಗಿಗೆ ಹತ್ತಿದ್ದೂ ನಿಜ.

ಮುಂದೆ ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ವಿಶೇಷ ಅಧ್ಯಯನಕ್ಕೆ ಆರಿಸಿಕೊಂಡದ್ದು ಶಿಲೀಂಧ್ರಗಳನ್ನು. ಅಮ್ಮನಿಗೆ ಶಿಲೀಂಧ್ರ ಎಂದರೆ ಏನೆಂದು ತಿಳಿಸಲಿಲ್ಲ, ಮನೆಯಲ್ಲಿ ಶಾಂತಿಯಿತ್ತು. ಪ್ರಯೋಗಾಲಯದ ಅಣಬೆಗಳೆಲ್ಲ ಫಾರ್ಮಲಿನ್ ತುಂಬಿದ ಗಾಜಿನ ಜಾಡಿಗಳಲ್ಲಿ ಮುಳುಗಿದ್ದವು. ಕೆಂಪಿನದು, ಹಳದಿಯದು, ಬಿಳಿಯದು ಎಂದು ಪುಸ್ತಕ ಹೇಳುತ್ತಿತ್ತು. ಜಾಡಿಯಲ್ಲಿ ಎಲ್ಲದರ ಬಣ್ಣವೂ ಒಂದೇ, ಆರಿದ ಚಹಾದ್ದು. ಅವುಗಳ ಚಿತ್ರ ಬರೆದು, ಭಾಗಗಳ ಹೆಸರು ಬರೆದು, ಒಳ್ಳೆಯ ಅಂಕ ತೆಗೆದುಕೊಂಡೆ. ಒಂದನ್ನೂ ಮುಟ್ಟಿರಲಿಲ್ಲ, ತಿನ್ನುವ ಮಾತು ಹಾಗಿರಲಿ.

ಈ ವಿದ್ಯೆಯನ್ನೆಲ್ಲ ಸೂಟ್‌ಕೇಸಿನ ತಳದಲ್ಲಿಟ್ಟುಕೊಂಡು, ಮದುವೆಯಾಗಿ, ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ಅಪಾರ್ಟ್‌ಮೆಂಟಿಗೆ ಬಂದೆ. ಡಾಟ್‌ಕಾಮ್ ಕಾಲ. ಎಲ್ಲರೂ ಇನ್ನೇನು ಶ್ರೀಮಂತರಾಗಿಯೇ ಬಿಡುತ್ತಾರೆ ಎನ್ನುವಂತಿದ್ದ ಕಾಲ. ವಾರಾಂತ್ಯದಲ್ಲಿ ಫ್ರೀಮಾಂಟಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಸ್ಟಾಕಿನ ಮಾತು. ಸಾರಿಗೆ ಉಪ್ಪು ಹಾಕಿಲ್ಲವೆಂಬುದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ನನ್ನ ಗಂಡ ಶ್ರೀಧರ ಒಂದು ಸಣ್ಣ ಕಂಪನಿಯಲ್ಲಿದ್ದ. ಆ ಕಂಪನಿ ಏನು ಮಾರುತ್ತದೆಂದು ನಾನು ಹಲವು ಸಲ ಕೇಳಿದ್ದೇನೆ. "ಇನ್ನೂ ಡಿಸೈಡ್ ಆಗಿಲ್ಲ ಕಣೇ" ಎನ್ನುತ್ತಿದ್ದ. ಬೆಳಿಗ್ಗೆ ಫ್ರೀವೇ ತುಂಬುವ ಮೊದಲು ಹೊರಟು, ಅದು ಖಾಲಿಯಾದ ಮೇಲೆ ಬರುತ್ತಿದ್ದ. ಒಳ್ಳೆಯವನು, ಈಗಲೂ ಒಳ್ಳೆಯವನು. ಆದರೆ ಆ ವರ್ಷ ಅವನು ನನಗೆ ಹೆಚ್ಚಾಗಿ ಸಿಕ್ಕಿದ್ದು ಸಿಂಕಿನಲ್ಲಿ ಬಿಟ್ಟ ಕಾಫಿ ಲೋಟದ ರೂಪದಲ್ಲಿ.

ನನ್ನದು ಅವಲಂಬಿತರ ವೀಸಾ. ಕೆಲಸ ಮಾಡುವಂತಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಆ ಊರಿನಲ್ಲಿ ಹಗಲು ಹೊತ್ತು ನಡೆದಾಡುವವರೆಂದರೆ ನಾಯಿ ಹಿಡಿದವರು ಮತ್ತು ನಾನು. ನಾಯಿ ಹಿಡಿದವರು ನನ್ನ ಕೈ ನೋಡಿ, ನಾಯಿಯಿಲ್ಲದ್ದನ್ನು ಕಂಡು, ಸ್ವಲ್ಪ ಅನುಮಾನದಿಂದಲೇ ಹಾಯ್ ಎನ್ನುತ್ತಿದ್ದರು. ಫೋನಿನಲ್ಲಿ ಏನಾದರೂ ಮಾರಲು ಯಾರಾದರೂ ಕರೆ ಮಾಡಿದರೆ ಬೇಡವೆಂದು ಹೇಳಲು ನಾನು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದೆ. ಕಾರ್ಪೆಟ್ ತೊಳೆಯುವ ಕಂಪನಿಯ ಹೆಂಗಸೊಬ್ಬಳಿಗೆ ನಮ್ಮ ಮನೆಯ ಎಲ್ಲ ಕೋಣೆಗಳ ವರ್ಣನೆ ಮಾಡಿದ್ದೆ. ಕೊನೆಗೆ ಅವಳೇ ಫೋನಿಟ್ಟಳು.

ಅಂಥ ಒಂದು ಮಧ್ಯಾಹ್ನ ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯಲ್ಲಿ ವಯಸ್ಸಾದ ಆಫ್ರಿಕನ್ ಹೆಂಗಸೊಬ್ಬರು ಕುಳಿತಿದ್ದರು. ಸೊಂಟಕ್ಕೆ ಪಂಚೆಯಂತೆ ಸುತ್ತಿದ ದೊಡ್ಡ ಹೂವಿನ ಬಟ್ಟೆ, ಮೇಲೆ ಮಗಳದೇ ಇರಬೇಕಾದ ದಪ್ಪ ಸ್ವೆಟರ್. ಡ್ರೈಯರಿನ ಗಾಜಿನ ಬಾಗಿಲಿನೊಳಗೆ ಬಟ್ಟೆ ಸುತ್ತುವುದನ್ನು ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತು ಅದನ್ನೇ ನೋಡಿದೆ. ಇಬ್ಬರಿಗೂ ಬೇರೆ ಕಾರ್ಯಕ್ರಮವಿರಲಿಲ್ಲ. ಅವರು ಜಾಂಬಿಯಾದ ಉತ್ತರದ ಕಡೆಯವರು, ಶಾಲೆಯಲ್ಲಿ ಮೇಷ್ಟರಾಗಿ ನಿವೃತ್ತರಾದವರು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದಿರಬೇಕು. ಆದರೆ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಅದೂ ನಮ್ಮ ಮೈಸೂರು ಕಡೆಯ ಕನ್ನಡ. ಅದನ್ನು ತಿದ್ದಲು ಹೋಗಿಲ್ಲ.

ಹೆಸರು ಕೇಳಿದೆ. "ನಮ್ಮಲ್ಲಿ ದೊಡ್ಡವರನ್ನ ಹೆಸರು ಹಿಡಿದು ಕರೆಯಲ್ಲ. ನಾನು ಬನ ಮ್ವಾಪೆ. ಅಂದ್ರೆ ಮ್ವಾಪೆಯ ತಾಯಿ. ನೀನು ಯಾರ ತಾಯಿ?"

ಇನ್ನೂ ಯಾರ ತಾಯಿಯೂ ಅಲ್ಲ ಎಂದೆ.

"ಹಾಗಾದ್ರೆ ಹೆಸರೇ ಹೇಳು, ಪಾಪ" ಎಂದರು.

ಸುಮಿತ್ರಾ ಎಂದೆ. ಆ 'ಪಾಪ'ಕ್ಕೆ ಬೇಸರವಾಗಲಿಲ್ಲ. ನನ್ನ ಬಗೆಗೆ ಯಾರಾದರೂ ಪಾಪ ಎಂದು ಬಹಳ ದಿನವಾಗಿತ್ತು.

ಅವರ ಮಗಳು ಮ್ವಾಪೆ ಆಸ್ಪತ್ರೆಯೊಂದರಲ್ಲಿ ನರ್ಸ್. ನನಗಿಂತ ಸ್ವಲ್ಪ ದೊಡ್ಡವಳು, ಒಬ್ಬಳೇ ಇದ್ದಳು. ತಾಯಿಯನ್ನು ಪ್ರವಾಸಿ ವೀಸಾದಲ್ಲಿ ಕರೆಸಿಕೊಂಡಿದ್ದರೂ ಮನಸ್ಸಿನಲ್ಲಿದ್ದದ್ದು ಇಲ್ಲೇ ಇಟ್ಟುಕೊಳ್ಳುವುದು. ಅದಕ್ಕೆ ಬೇಕಾದ ಅರ್ಜಿ ಹಾಕಬಹುದಿತ್ತು, ತಾಯಿ ಹೂಂ ಎಂದರೆ ಸಾಕಿತ್ತು. ಅವರು ಹೂಂ ಅನ್ನುತ್ತಿರಲಿಲ್ಲ, ಊಹೂಂ ಅಂತಲೂ ಅನ್ನುತ್ತಿರಲಿಲ್ಲ. ಊರಿನಲ್ಲಿ ತಂಗಿಯ ಮನೆ, ಓಣಿಯ ತುಂಬ ತಮ್ಮ ಹತ್ತಿರ ಕಲಿತವರು. ಇಲ್ಲಿ ಮಗಳು ಕೆಲಸಕ್ಕೆ ಹೋದರೆ ಗೋಡೆ. ಒಂದು ದಿನ ಮೆಟ್ಟಿಲ ಬಳಿ ಮ್ವಾಪೆ ನನ್ನನ್ನು ನಿಲ್ಲಿಸಿ, ತಾಯಿ ನಗುವುದು ನನ್ನ ಜೊತೆಗಿದ್ದಾಗ ಮಾತ್ರವೆಂದೂ, ಹೇಗಾದರೂ ಮಾಡಿ ಇಲ್ಲಿಯೇ ಇರುವಂತೆ ಅವರ ಮನಸ್ಸು ತಿರುಗಿಸಬೇಕೆಂದೂ ಕೇಳಿಕೊಂಡಳು. ಅವಳು ಕೇಳಬೇಕಾಗಿಯೇ ಇರಲಿಲ್ಲ. ಅವರು ಹೋದರೆ ನನಗೆ ಮತ್ತೆ ಕಾರ್ಪೆಟ್ ಕಂಪನಿಯ ಹೆಂಗಸೇ ಗತಿ. ಅವರು ಇರಲೇಬೇಕೆಂದು ಅವರ ಮಗಳಷ್ಟೇ ಆಸೆಯಿಂದ ನಾನೂ ಕಾದಿದ್ದೆ.

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಗುಡ್ಡವಿತ್ತು. ದನ ಮೇಯಿಸುವ ಮುದುಕನೊಬ್ಬನ ಜಾಗ. ಗೇಟು ಹಾಕಿಕೊಂಡು ಹೋದರೆ ಸಾಕು, ಏನು ಬೇಕಾದರೂ ಮಾಡಿಕೊಳ್ಳಿ ಎಂದಿದ್ದ. ಇಳಿಜಾರಿನಲ್ಲಿ ಅಲ್ಲಲ್ಲಿ ಓಕ್ ಮರಗಳು, ಕೊಂಬೆ ಬಗ್ಗಿ ನೆಲಕ್ಕೆ ತಾಗುವಂಥವು. ದಿನಾ ಮಧ್ಯಾಹ್ನ ನಾವಿಬ್ಬರೂ ಹತ್ತುತ್ತಿದ್ದೆವು. ಬನ ಮ್ವಾಪೆ ಮೇಲೆ ನಿಂತು ಕೆಳಗಿನ ಫ್ರೀವೇ ನೋಡಿ, "ಇಷ್ಟು ಜನ ಎಲ್ಲಿಗೆ ಹೋಗ್ತಾರೆ? ಮನೇಲಿ ಯಾರೂ ಇಲ್ವಾ?" ಎನ್ನುತ್ತಿದ್ದರು. ಇದೇ ಕಾರಣಕ್ಕೆ ಮನೆಯಲ್ಲಿ ಯಾರೂ ಇಲ್ಲ ಎಂದು ನಾನು ವಿವರಿಸುತ್ತಿದ್ದೆ.

ಚಳಿಗಾಲದ ಮಳೆ ಹಿಡಿದು ಬಿಟ್ಟ ಮೇಲೆ ಒಂದು ದಿನ, ನನಗಿಂತ ಮುಂದೆ ನಡೆಯುತ್ತಿದ್ದವರು ಓಕ್ ಮರದ ಕೆಳಗೆ ತಟ್ಟನೆ ಕುಳಿತುಬಿಟ್ಟರು. ಕಾಲು ಉಳುಕಿತೇನೋ ಎಂದು ಓಡಿದೆ. ಅವರು ಕೊಳೆತ ಎಲೆಗಳನ್ನು ಎರಡೂ ಕೈಯಿಂದ ಸರಿಸುತ್ತಿದ್ದರು. ಕೆಳಗೆ ಹಳದಿ. ಮೊಟ್ಟೆಯೊಳಗಿನ ಹಳದಿಯಲ್ಲ, ಮಾಗಿದ ಹಲಸಿನ ತೊಳೆಯ ಹಳದಿ. ಅಂಚು ಮಡಚಿಕೊಂಡು ತುತ್ತೂರಿಯಂತೆ ಬಾಯಿ ತೆರೆದ ದಪ್ಪ ಅಣಬೆ.

"ಚಿತೊಂಡೊ" ಎಂದರು. ಮತ್ತೊಮ್ಮೆ ಮೆಲ್ಲಗೆ, ಯಾರನ್ನೋ ಎಬ್ಬಿಸುವ ಹಾಗೆ, "ಚಿತೊಂಡೊ".

ಜಾಡಿಯಲ್ಲಿ ಚಹಾ ಬಣ್ಣದ್ದಾಗಿ ಮುಳುಗಿದ್ದ ಕ್ಯಾಂಥರೆಲಸ್ ಇದೇ ಎಂದು ನನಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ತಿರುಗಿಸಿ ನೋಡಿದೆ. ಕೊಡೆಯ ಕೆಳಗೆ ಬೇರೆ ಅಣಬೆಗಳಲ್ಲಿರುವಂತೆ ಕತ್ತಿಯ ಅಲಗಿನಂಥ ಪದರಗಳಿಲ್ಲ. ಚರ್ಮವೇ ನೆರಿಗೆ ಹಿಡಿದು, ಕವಲೊಡೆದು, ದಂಟಿನ ಮೇಲೆ ಇಳಿದಿತ್ತು. ಸೀಳಿದರೆ ಬೆಂದ ಕೋಳಿಯಂತೆ ಎಳೆ ಎಳೆಯಾಗಿ ಬರುತ್ತದೆ ಎಂದು ಅವರು ತೋರಿಸಿದರು. ಬೆಂದ ಕೋಳಿಯನ್ನೂ ನಾನು ನೋಡಿರಲಿಲ್ಲ. ಮೂಗಿನ ಹತ್ತಿರ ಹಿಡಿದರು. ಒಣ ಜರದಾಳು ಹಣ್ಣಿನ ಡಬ್ಬ ತೆರೆದಾಗ ಬರುವಂಥ ಒಂದು ನವಿರಾದ ಸಿಹಿ ವಾಸನೆ. ಈಗ ಅಂಗಡಿಯ ಡಬ್ಬಿಗಳಲ್ಲಿ ನಾನು ಹುಡುಕುವುದು ಅದನ್ನೇ.

ಆ ದಿನ ಇಳಿಯುವಾಗ ಬನ ಮ್ವಾಪೆ ಮಾತು ನಿಲ್ಲಿಸಲಿಲ್ಲ. ಅವರ ಊರಿನ ಕಾಡಿಗೆ ಮಿಯೊಂಬೊ ಎಂದು ಹೆಸರು. ಮಳೆಗಾಲ ಶುರುವಾದ ಕೂಡಲೇ ಹೆಂಗಸರು ಗುಂಪು ಕಟ್ಟಿಕೊಂಡು ನಸುಕಿನಲ್ಲೇ ಹೊರಡುತ್ತಾರಂತೆ. ಅಲ್ಲಿ ಚಿತೊಂಡೊ ಎಂದರೆ ಒಂದಲ್ಲ. ಇಂಥದೇ ದೊಡ್ಡ ಹಳದಿ ಇದೆ. ಅಂಗಿಯ ಗುಂಡಿಯಷ್ಟು ಸಣ್ಣ ಹಳದಿ ಇದೆ, ಹಿಡಿ ತುಂಬ ಕಿತ್ತರೂ ಒಂದು ತುತ್ತಾಗುವುದಿಲ್ಲ, ಆದರೆ ಅದರ ರುಚಿ ಬೇರೆ ಯಾವುದಕ್ಕೂ ಇಲ್ಲ. ಕೆಂಪಿನದಿದೆ, ದೂರದಿಂದ ನೋಡಿದರೆ ಯಾರೋ ಮೆಣಸಿನಕಾಯಿ ಚೆಲ್ಲಿದಂತೆ. ಕೈ ತಾಗಿದಲ್ಲಿ ಕಪ್ಪಾಗುವ ಬೂದು ಬಣ್ಣದ್ದಿದೆ, ನೋಡಲು ಚೆನ್ನಾಗಿಲ್ಲ, ಅತ್ತೆಯಂದಿರಿಗೆ ಬಡಿಸುವುದು ಅದನ್ನೇ ಎಂದು ಹೇಳಿ ತಾವೇ ನಕ್ಕರು. ಎಲ್ಲವೂ ಅಕ್ಕತಂಗಿಯರು, ಯಾವುದನ್ನು ತಿಂದೂ ಯಾರೂ ಸತ್ತದ್ದನ್ನು ಅವರು ಕೇಳಿಲ್ಲ. ದಾರಿಯ ಪಕ್ಕ ಬೋಗುಣಿಗಳಲ್ಲಿ ರಾಶಿ ಹಾಕಿ ಮಾರುತ್ತಾರೆ, ಮಿಕ್ಕಿದ್ದನ್ನು ಒಣಗಿಸಿ ಬೇಸಿಗೆಗೆ ಇಡುತ್ತಾರೆ.

ನಾನು ನನ್ನ ವಿದ್ಯೆ ಬಿಚ್ಚಿದೆ. ಈ ಅಣಬೆ ಮರದ ಬೇರಿಗೆ ಹೆಣೆದುಕೊಂಡು ಬದುಕುತ್ತದೆ, ಮರ ಸಕ್ಕರೆ ಕೊಡುತ್ತದೆ, ಅಣಬೆ ನೀರು ಮತ್ತು ಲವಣ ಕೊಡುತ್ತದೆ, ಅದಕ್ಕೇ ಇದನ್ನು ಬೇರೆ ಕಡೆ ಬೆಳೆಸಲು ಆಗುವುದಿಲ್ಲ ಎಂದೆ. "ಮೇಷ್ಟರ ಹಾಗೆ ಹೇಳ್ತೀಯ" ಎಂದು ಮೆಚ್ಚಿಕೊಂಡರು. ಆಮೇಲೆ ಲೈಬ್ರರಿಗೆ ಹೋಗಿ ಅಣಬೆಗಳ ದಪ್ಪ ಪುಸ್ತಕ ತೆರೆದರೆ ಇಡೀ ಆಫ್ರಿಕಾಕ್ಕೆ ಒಂದೇ ಪ್ಯಾರಾ ಇತ್ತು. ಅಲ್ಲಿ ಬಗೆಗಳು ಬಹಳ, ಇನ್ನೂ ಸರಿಯಾಗಿ ವಿಂಗಡಿಸಿಲ್ಲ ಎಂಬುದು ಅದರ ಸಾರಾಂಶ. ಒಂದೇ ಎಂದು ತಿಳಿದದ್ದು ಹತ್ತಿರದಿಂದ ನೋಡಿದರೆ ಹಲವು ಎಂದು ಗೊತ್ತಾಗುವುದು ಈ ಕುಟುಂಬದಲ್ಲಿ ಸಾಮಾನ್ಯವೆಂದು ಆಮೇಲೆ ಓದಿ ತಿಳಿದೆ.

ಮಾರನೆಯ ದಿನ ಅವರ ಅಡುಗೆಮನೆಯಲ್ಲಿ ಊಟ. ಹುರಿದ ಶೇಂಗಾ ಕುಟ್ಟಿ ಪುಡಿ ಮಾಡಿದ್ದರು. ಟೊಮೆಟೊ, ಈರುಳ್ಳಿ, ಅಣಬೆ, ಮೇಲೆ ಆ ಪುಡಿ. ಪಕ್ಕದಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಬಿಳಿಯ ಮುದ್ದೆ ಅನ್ನುವುದನ್ನು ಬಿಟ್ಟರೆ ನಮ್ಮ ಮುದ್ದೆಯೇ, ಮುರಿಯುವುದೂ ಅದ್ದುವುದೂ ಹಾಗೆಯೇ. ನಾನು ಮುರಿದು ಅದ್ದಿದ್ದನ್ನು ನೋಡಿ ಮ್ವಾಪೆ ಕಣ್ಣರಳಿಸಿದಳು. ನನ್ನ ಬಾಯಿಗೆ ಬಿದ್ದ ಮೊದಲ ಅಣಬೆ ಅದು. ರುಚಿ ಹೇಗಿತ್ತೆಂದು ಹೇಳಲಾರೆ, ಹೇಳಿದರೆ ಅದು ಆಮೇಲೆ ನಾನು ಕಟ್ಟಿಕೊಂಡದ್ದಾಗಿರುತ್ತದೆ. ಮೂರು ಜನ ಕುಳಿತು ತಿಂದೆವು, ಯಾರೂ ಗಡಿಯಾರ ನೋಡಲಿಲ್ಲ ಎಂಬುದು ಮಾತ್ರ ನೆನಪಿದೆ.

ಒಂದು ಬಟ್ಟಲು ಶ್ರೀಧರನಿಗೂ ತಂದೆ. ಅವನು ಮುಚ್ಚಳ ತೆಗೆದು, ಮತ್ತೆ ಮುಚ್ಚಿ, "ನೀನು ತಿಂದಿದ್ದೀಯ ತಾನೆ? ನಾಳೆ ಸಾಯಂಕಾಲದವರೆಗೆ ವೇಯ್ಟ್ ಮಾಡ್ತೀನಿ. ನಿಂಗೇನೂ ಆಗ್ಲಿಲ್ಲಾಂದ್ರೆ ನಾನೂ ತಿಂತೀನಿ" ಎಂದ. ನನಗೇನೂ ಆಗಲಿಲ್ಲ. ಅವನು ಮೀಟಿಂಗಿನಲ್ಲಿ ಪಿಜ್ಜಾ ತಿಂದು ಬಂದ.

ಆ ಚಳಿಗಾಲದಲ್ಲಿ ಮಳೆ ಬಂದಾಗೆಲ್ಲ ಗುಡ್ಡ ಹತ್ತಿದೆವು. ಚಿತೊಂಡೊ ಸಿಗುತ್ತಲೇ ಇತ್ತು. ಮ್ವಾಪೆ ಅರ್ಜಿಯ ಕಾಗದಗಳನ್ನು ತಂದು ಫ್ರಿಜ್ಜಿನ ಮೇಲಿಟ್ಟಳು. ತಾಯಿ ಅವನ್ನು ತೆಗೆದು ಬೇರೆ ಕಡೆ ಇಡಲಿಲ್ಲ. ಅದೇ ದೊಡ್ಡ ಸಂಗತಿ ಎಂದು ನಾವಿಬ್ಬರೂ ಕಣ್ಣಲ್ಲೇ ಮಾತಾಡಿಕೊಂಡೆವು.

ಆದರೆ ಬನ ಮ್ವಾಪೆ ಪ್ರತಿ ಸಲ ಬೋಗುಣಿ ತುಂಬಿದ ಮೇಲೆ ಸುತ್ತ ನೋಡುತ್ತಿದ್ದರು. "ಇದು ದೊಡ್ಡಕ್ಕ ಮಾತ್ರ. ತಂಗಿಯರೆಲ್ಲಿ?" ಎನ್ನುತ್ತಿದ್ದರು. ಮುಂದಿನ ಮಳೆಗೆ ಏಳಬಹುದು ಎನ್ನುತ್ತಿದ್ದೆ. ನಿಜಕ್ಕೂ ಏಳಬಹುದೆಂದು ನಂಬಿದ್ದೆನೋ, ಅವರು ಮುಂದಿನ ಮಳೆಯವರೆಗೆ ಇರಲೆಂದು ಹಾಗೆಂದೆನೋ, ಈಗ ಬಿಡಿಸಿ ಹೇಳಲಾರೆ. ಮುಂದಿನ ಮಳೆಗೂ ಅದೇ ಎದ್ದಿತು. ಇಡೀ ಗುಡ್ಡಕ್ಕೆ ಒಂದೇ ಬಗೆ, ದೊಡ್ಡದು, ನೀರು ಕುಡಿದದ್ದು, ಒಂದೊಂದು ಮರದ ಕೆಳಗೆ ಒಂದೊಂದು. ಈ ಕಡೆ ಬೇರೆ ಬಗೆಗಳಿವೆ ಎಂದು ಪುಸ್ತಕವೂ ಹೇಳುತ್ತಿರಲಿಲ್ಲ. "ಇದಕ್ಕೆ ಮಾತಾಡೋಕೆ ಯಾರೂ ಇಲ್ಲ" ಎಂದರು ಒಮ್ಮೆ, ಅಣಬೆಯ ಮಣ್ಣು ಒರೆಸುತ್ತಾ.

ಜನವರಿಯಲ್ಲಿ ನನಗೆ ಜ್ವರ ಬಂದು ಕೆಲವು ದಿನ ಹೊರಗೆ ಹೋಗಲಿಲ್ಲ. ಅವರು ಒಬ್ಬರೇ ಹತ್ತಿ ಬಂದಿದ್ದರು. ಸಂಜೆಯ ಹೊತ್ತಿಗೆ ನಮ್ಮ ಬಾಗಿಲು ತಟ್ಟಿದರು, ಮುಖದಲ್ಲಿ ಹಬ್ಬ. ಬಾ, ಒಬ್ಬಳು ಸಿಕ್ಕಿದ್ದಾಳೆ, ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಬೋಗುಣಿಯಲ್ಲಿ ಹಳದಿ ಚಿತೊಂಡೊಗಳ ನಡುವೆ ತೆಳು ಹಸಿರು ಬೆರೆತ ಬಿಳಿಯ ಅಣಬೆಗಳಿದ್ದವು. ನೀಳವಾದ ದಂಟು, ಅದಕ್ಕೆ ಲಂಗ ಸುತ್ತಿದಂಥ ಉಂಗುರ. ಬುಡದ ಮಣ್ಣನ್ನು ನಾನು ಬೆರಳಿನಿಂದ ಬಿಡಿಸಿದೆ. ಒಡೆದ ಮೊಟ್ಟೆಯ ಚಿಪ್ಪಿನಂಥ ಬಟ್ಟಲೊಂದು ಹೊರಬಂತು.

ಎಂ.ಎಸ್ಸಿ.ಯಲ್ಲಿ ಕಲಿತ ಎಲ್ಲವನ್ನೂ ನಾನು ಮರೆತಿರಬಹುದು, ಆ ಬಟ್ಟಲನ್ನು ಮರೆತಿರಲಿಲ್ಲ. ಈ ಕಡೆಯ ಓಕ್ ಮರಗಳ ಕೆಳಗೆ ಏಳುವ, ಜೀವ ತೆಗೆಯುವ ಅಣಬೆ ಅದು. ಲೈಬ್ರರಿಯ ಪುಸ್ತಕದಲ್ಲಿ ಅದಕ್ಕೊಂದು ಇಡೀ ಅಧ್ಯಾಯವಿತ್ತು. ದೂರದ ದೇಶಗಳಿಂದ ಬಂದವರು ತಮ್ಮ ಊರಿನ ತಿನ್ನುವ ಅಣಬೆಯೆಂದು ಇದನ್ನು ಕಿತ್ತು ತರುತ್ತಾರೆಂದೂ ಅಲ್ಲಿತ್ತು.

ಒಲೆ ಆರಿಸಿದೆ. "ಬನ ಮ್ವಾಪೆ, ಇದು ಬೇಡ."

"ಇದು ತೆಂತೆ. ನಮ್ಮನೆ ಮಕ್ಕಳೆಲ್ಲ ಇದನ್ನ ತಿಂದೇ ಬೆಳೆದಿದ್ದು."

"ಅದರ ಹಾಗೇ ಕಾಣತ್ತೆ. ಆದ್ರೆ ಅದಲ್ಲ."

"ನೀನು ತೆಂತೆ ನೋಡಿದ್ದೀಯಾ?"

"ಇಲ್ಲ."

"ತಿಂದಿದ್ದೀಯಾ?"

"ಇಲ್ಲ."

"ಮತ್ತೆ?"

ಅವರ ಊರಿನ ತೆಂತೆಗೂ ಹೀಗೇ ಉಂಗುರ, ಹೀಗೇ ಬಟ್ಟಲು. ಅದೂ ಇದೂ ಒಂದೇ ಮನೆತನ. ಅವರ ಕಣ್ಣು ತಪ್ಪು ಮಾಡಿರಲಿಲ್ಲ, ನೆಲ ಬೇರೆಯಾಗಿತ್ತು ಅಷ್ಟೆ. ಇದನ್ನು ತಿಂದವರಿಗೆ ಮೊದಲು ಹೊಟ್ಟೆ ಕೆಡುತ್ತದೆ, ಆಮೇಲೆ ಎಲ್ಲ ಸರಿಹೋದಂತೆ ಅನಿಸುತ್ತದೆ, ಅಷ್ಟರಲ್ಲಿ ಒಳಗೆ ಯಕೃತ್ತು ಹೋಗಿರುತ್ತದೆ ಎಂದು ಹೇಳಿದೆ. ಅವರು ತರಗತಿಯಲ್ಲಿ ಉತ್ತರ ಕೇಳಿಸಿಕೊಳ್ಳುವವರಂತೆ ತಲೆ ಒಂದು ಕಡೆ ವಾಲಿಸಿ ಕೇಳಿದರು.

"ನಿನಗೆ ಖಂಡಿತ ಗೊತ್ತಾ?"

ನನಗೆ ಯಾವುದೂ ಖಂಡಿತ ಗೊತ್ತಿರುವುದಿಲ್ಲ. ನಮ್ಮ ಪಕ್ಕದ ಮನೆ ಯಾವುದಿತ್ತೆಂದೂ ಗೊತ್ತಿಲ್ಲದವಳು ನಾನು. ಸುಳ್ಳು ಹೇಳಬಹುದಿತ್ತು, ಆದರೆ ಆ ತಲೆ ವಾಲಿಸಿದ ಮೇಷ್ಟರ ಮುಂದೆ ಆಗಲಿಲ್ಲ. "ಪುಸ್ತಕದಲ್ಲಿ ನೋಡಿದ್ದು ಅಷ್ಟೆ" ಎಂದೆ. "ಮ್ವಾಪೆ ಕೆಲಸದಿಂದ ಹಸಿದುಕೊಂಡು ಬರ್ತಾರೆ. ಬಂದವರೇ ಇದನ್ನ ತಿಂತಾರೆ."

ಅವರು ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಬಿಳಿಯವನ್ನು ಕಸದ ಚೀಲಕ್ಕೆ ಹಾಕಿದರು. ಅವುಗಳ ಜೊತೆ ಒಂದೇ ಬೋಗುಣಿಯಲ್ಲಿದ್ದವೆಂದು ಹಳದಿಯವನ್ನೂ ಹಾಕಿದರು. ಬೋಗುಣಿ ತೊಳೆದರು, ಚಾಕು ತೊಳೆದರು, ಕೈ ತೊಳೆದು, ಒರೆಸಿಕೊಂಡು, ಮತ್ತೆ ತೊಳೆದರು.

"ಈ ಕೈಯಲ್ಲಿ ಮಾಡಿ ಹಾಕಿದ್ದು ತಿಂದು ಮಗಳು ಸಾಯಬಹುದು ಅಂದ್ರೆ," ಎಂದರು ನಲ್ಲಿ ನಿಲ್ಲಿಸಿ, "ನಾನಿಲ್ಲಿ ಯಾರು?"

ನಾನು ಏನೋ ಹೇಳಿರಬೇಕು. ಎಲ್ಲರೂ ಹೊಸ ಊರಿನಲ್ಲಿ ಮೊದಲಿಂದ ಕಲಿಯಬೇಕಾಗುತ್ತದೆ ಎಂದೋ, ನಾನಿದ್ದೇನಲ್ಲ ಎಂದೋ. ಹೇಳಿದ್ದು ನೆನಪಿಲ್ಲ, ಅವರು ಕೇಳಿಸಿಕೊಳ್ಳದೆ ಕಿಟಕಿಯ ಹೊರಗೆ ಕಾರುಗಳು ಬಂದು ನಿಲ್ಲುವ ಜಾಗವನ್ನೇ ನೋಡುತ್ತಿದ್ದದ್ದು ನೆನಪಿದೆ. ಮ್ವಾಪೆಯ ಕಾರು ಬಂದಾಗ, ಅವಳು ಇಳಿದು ಬಾಗಿಲು ಹಾಕಿ ನಡೆದು ಬರುವುದನ್ನು, ಮೊದಲ ಸಲ ನಡೆಯುವ ಮಗುವನ್ನು ನೋಡುವಂತೆ ನೋಡಿದರು.

ಅದಾದ ಮೇಲೆ ಅವರು ಗುಡ್ಡ ಹತ್ತಲಿಲ್ಲ. ನಾನು ಕರೆದರೆ 'ಮೊಣಕಾಲು' ಎನ್ನುತ್ತಿದ್ದರು. ಅಂಗಡಿಯಿಂದ ತಂದ ಪೊಟ್ಟಣದ ಪದಾರ್ಥಗಳನ್ನು ಮಾತ್ರ ಬೇಯಿಸುತ್ತಿದ್ದರು, ಅದರಲ್ಲೂ ಬರೆದಿದ್ದನ್ನು ಮಗಳ ಹತ್ತಿರ ಓದಿಸಿ. ಇಂಗ್ಲಿಷ್ ಕಲಿಸಿದ ಮೇಷ್ಟರು. ಓದಲು ಬರುತ್ತಿತ್ತು, ಆದರೂ ಓದಿಸುತ್ತಿದ್ದರು. ಕೆಲವು ದಿನಗಳ ಮೇಲೆ ಮ್ವಾಪೆ ನಮ್ಮ ಮನೆಗೆ ಬಂದಳು. ಬಹಳ ಸಲ ಥ್ಯಾಂಕ್ಸ್ ಹೇಳಿದಳು. ಆಸ್ಪತ್ರೆಯಲ್ಲಿ ಇಂಥ ಕೇಸು ನೋಡಿದ್ದಳಂತೆ, ಆದರೂ ತನ್ನ ತಾಯಿಯ ಬೋಗುಣಿಯಲ್ಲಿ ಅದಿರಬಹುದೆಂದು ತಲೆಗೆ ಹೋಗಿರಲಿಲ್ಲವಂತೆ. ಆಮೇಲೆ, ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಾ, "ಅಮ್ಮ ಟಿಕೆಟ್ ಮಾಡಿಸು ಅಂತಿದ್ದಾಳೆ" ಎಂದಳು.

ನನ್ನ ಮೇಲೆ ಸಿಟ್ಟಿರಲಿಲ್ಲ ಅವಳಿಗೆ. ಇರಲು ಕಾರಣವೂ ಇರಲಿಲ್ಲ. ಆದರೂ ಒಂದು ಸಲ, ಹೊರಡುವ ಮೊದಲು, ಏನೂ ಹೇಳದೆ ಹೇಗಾದರೂ ಆ ಬೋಗುಣಿಯನ್ನು ಎತ್ತಿಕೊಂಡು ಹೋಗಲು ಆಗುತ್ತಿತ್ತೇ ಎಂದು ಕೇಳಿದಳು. ಇಂದಿಗೂ ನಾನು ಅದನ್ನೇ ಕೇಳಿಕೊಳ್ಳುತ್ತೇನೆ. ಅವರು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದರು. ಎತ್ತಿಕೊಂಡು ಹೋಗುವುದು ಹೇಗೆ?

ಬೇಸಿಗೆಗೆ ಮೊದಲೇ ಅವರು ಹೋದರು. ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಹೂವಿನ ಬಟ್ಟೆಯನ್ನು ಇಸ್ತ್ರಿ ಮಾಡಿ ಉಟ್ಟಿದ್ದರು, ಮಗಳ ಸ್ವೆಟರನ್ನು ಅವಳಿಗೇ ಹಿಂದಕ್ಕೆ ಕೊಟ್ಟರು. ನನಗೆ ಒಂದೇ ಮಾತು ಹೇಳಿದರು: ನೀನು ಸರಿಯಾಗಿಯೇ ಹೇಳಿದೆ, ಅದಕ್ಕೇ ನಾನು ಹೋಗುತ್ತಿರುವುದು, ಅದಕ್ಕಾಗಿ ಅಳಬೇಡ. ನಾನು ಅಳುತ್ತಿರಲಿಲ್ಲ ಎಂದು ಡೈರಿಯಲ್ಲಿದೆ. ಇದೊಂದು ವಿಷಯದಲ್ಲಿ ಡೈರಿ ಸುಳ್ಳು ಹೇಳುತ್ತಿದೆ.

ಮ್ವಾಪೆ ಆಮೇಲೆ ಆಸ್ಪತ್ರೆಗೆ ಹತ್ತಿರವೆಂದು ಸ್ಯಾನ್ ಹೊಸೆಗೆ ಮನೆ ಬದಲಿಸಿದಳು. ಹೋಗುವಾಗ ತಾಯಿಯ ಊರಿನ ಫೋನ್ ನಂಬರು ಕೊಟ್ಟಳು, ಚಿಕ್ಕಮ್ಮನ ಮನೆಯದು. ಶ್ರೀಧರನ ಕಂಪನಿ ಏನು ಮಾರಬೇಕೆಂದು ನಿರ್ಧಾರವಾಗುವ ಮೊದಲೇ ಮುಚ್ಚಿತು. ಅವನು ಕೆಲವು ವಾರ ಮನೆಯಲ್ಲೇ ಇದ್ದ. ಮಧ್ಯಾಹ್ನ ನಾನು ಏನು ಮಾಡುತ್ತಿದ್ದೆನೆಂದು ಅವನಿಗೆ ಆಗ ಗೊತ್ತಾಯಿತು. "ಇಷ್ಟು ಸೈಲೆಂಟಾಗಿರತ್ತಾ ಇಲ್ಲಿ?" ಎಂದ ಗಾಬರಿಯಿಂದ. ಬೇಗನೆ ಬೇರೆ ಕೆಲಸ ಹುಡುಕಿಕೊಂಡ.

ಮುಂದಿನ ಚಳಿಗಾಲದಲ್ಲಿ ಮೊದಲ ಮಳೆ ಹೊಯ್ದು ನಿಂತ ಮೇಲೆ ನಾನು ಗೇಟು ಹಾಕಿಕೊಂಡು ಗುಡ್ಡ ಹತ್ತಿದೆ. ಅದೇ ಓಕ್ ಮರದ ಕೆಳಗೆ ಎಲೆಗಳು ಸ್ವಲ್ಪ ಉಬ್ಬಿದ್ದವು. ಸರಿಸಿದೆ, ಹಳದಿ ಅಂಚು ಕಂಡಿತು. ನೆರಿಗೆಗಳು ದಂಟಿಗಿಳಿದಿದ್ದವು. ಮೂಸಿದೆ, ಅದೇ ವಾಸನೆ. ಇಡೀ ಅಮೆರಿಕಾದಲ್ಲಿ ತಿನ್ನಬಹುದೆಂದು ನನಗೆ ಧೈರ್ಯವಾಗಿ ಗೊತ್ತಿದ್ದ ಅಣಬೆ ಅದೊಂದೇ. ಕೀಳಲು ಕೈ ಹೋಗಲಿಲ್ಲ. ಕಿತ್ತು ತಂದು, ಶೇಂಗಾ ಹುರಿದು, ಕುಟ್ಟಿ, ಯಾರೆದುರು ಕುಳಿತು ತಿನ್ನಲಿ? ಎಲೆಗಳನ್ನು ಮೊದಲಿದ್ದಂತೆ ಮುಚ್ಚಿ ಇಳಿದು ಬಂದೆ.

ಅಂದು ಸಂಜೆ ಊಟವಾದ ಮೇಲೆ ಫೋನ್ ಮಾಡಿದೆ. ನಮ್ಮಲ್ಲಿ ಪಾತ್ರೆ ತೊಳೆಯುವ ಹೊತ್ತು, ಅಲ್ಲಿ ಬೆಳಗು. ಬಹಳ ಹೊತ್ತು ರಿಂಗಾಗಿ, ಹೆಂಗಸೊಬ್ಬರು ಎತ್ತಿಕೊಂಡರು. ಬನ ಮ್ವಾಪೆಯ ತಂಗಿ. ಕ್ಯಾಲಿಫೋರ್ನಿಯಾದಿಂದ ಮಾತಾಡುತ್ತಿದ್ದೇನೆ, ಅವರಿದ್ದಾರೆಯೇ ಎಂದೆ.

"ಅಕ್ಕ ಮನೇಲಿಲ್ಲ. ಇಲ್ಲಿ ಮಳೆ ಶುರುವಾಯ್ತಲ್ಲ, ಅಣಬೆಗೆ ಹೋಗಿದ್ದಾಳೆ."

ಚಿತೊಂಡೊ ತರಲು ಹೋಗಿದ್ದಾರೆಯೇ ಎಂದು ಕೇಳಿದೆ.

ಆಕೆ ನಕ್ಕರು. ಸಾವಿರಾರು ಮೈಲಿಯಾಚೆಯಿಂದ ನಗು ಸ್ವಲ್ಪ ತಡವಾಗಿ ಬಂತು. "ಕಾಡಿಗೆ ಹೋದವಳು ಒಂದನ್ನೇ ತರ್ತಾಳಾ? ಹಳದಿ, ಕೆಂಪು, ಸಣ್ಣದು, ಎಲ್ಲಾನೂ ತರ್ತಾಳೆ."

"ಒಬ್ಬರೇ ಹೋದ್ರಾ?" ಎಂದೆ.

ಆ ಕಡೆ ಮೌನ. ಲೈನು ಸರಿಯಿಲ್ಲವೇನೋ ಎಂದು ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದೆ. ಲೈನು ಸರಿಯಾಗಿಯೇ ಇತ್ತು. ಅವರಿಗೆ ಅರ್ಥವಾಗದೆ ಇದ್ದದ್ದು ಪ್ರಶ್ನೆ.

"ಒಬ್ಬರೇ ಯಾಕೆ ಹೋಗ್ತಾರೆ?" ಎಂದು ಆಕೆ ನನ್ನನ್ನೇ ಕೇಳಿದರು.